ಜಾಡಿಯಲ್ಲೊಂದು ಸರೋವರ ಸಾಕುವ ನೆಡ್ರಾ

ಬೆಳಗಿನ ನಾಲ್ಕೂವರೆ. ಆಗ್ಡನ್ ಪಟ್ಟಣದ ಪಡುವಣ ಕೊನೆಯ ಬೀದಿಯಲ್ಲಿ ಒಂದೇ ಒಂದು ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ. ಅದನ್ನೂ ನೆಡ್ರಾ ಥರ್ಗುಡ್ ಆರಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಮಂಡಿಯನ್ನು ಉದ್ದಕ್ಕೆ ಚಾಚಿ ಕುರ್ಚಿಯಲ್ಲಿ ಕೂತು, ನಾಲ್ಕು ಲೀಟರಿನ ಗಾಜಿನ ಜಾಡಿಯ ಪಕ್ಕಕ್ಕೆ ಪುಟ್ಟ ಟಾರ್ಚ್ ಹಿಡಿಯುತ್ತಾರೆ. ಕೊಳವೆಯಿಂದ ಒಂದೊಂದೇ ದಪ್ಪ ಗುಳ್ಳೆ ಮೇಲೇರುತ್ತಿದೆ. ಅದು ಬಿಟ್ಟರೆ ನೀರಲ್ಲಿ ಯಾವ ಚಲನೆಯೂ ಇಲ್ಲ.

"ಬುಧವಾರ ಸಂಜೆ ಐದಕ್ಕೆ ಮೊಟ್ಟೆ ಬಿಟ್ಟಿದ್ದು. ಮೂವತ್ತೈದು ಗಂಟೆ ದಾಟ್ತು. ನಲವತ್ತೆಂಟರ ತನಕ ಕಾಯ್ಬೋದು. ಆಮೇಲೂ ಏನೂ ಬರ್ಲಿಲ್ಲ ಅಂದ್ರೆ ನನ್ನ ಜಾಡಿ ಕಥೆ ಮುಗೀತು" ಎನ್ನುತ್ತಾರೆ.

ಅರವತ್ತೊಂದರ ನೆಡ್ರಾ ಇಪ್ಪತ್ತೆರಡು ವರ್ಷಗಳಿಂದ ಇಲ್ಲಿನ ಕಾರ್ಖಾನೆಯೊಂದರಲ್ಲಿ ಉಪ್ಪುನೀರ ಸಿಗಡಿಯ ಮೊಟ್ಟೆಗಳನ್ನು ಡಬ್ಬಿಗೆ ತುಂಬುತ್ತಿದ್ದಾರೆ. ಊರ ಪಕ್ಕದ ಮಹಾ ಉಪ್ಪು ಸರೋವರದಿಂದ ದೋಣಿಗಳು ಎತ್ತಿ ತರುವ ಈ ಕಂದು ಹುಡಿ ದೂರ ದೇಶಗಳ ಮೀನುಮರಿಗಳಿಗೆ ಆಹಾರ. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅವರ ಸಾಲಿನಲ್ಲಿ ನಾನೂರು ಗ್ರಾಂನ ಸಾವಿರದ ಇನ್ನೂರು ಡಬ್ಬಿ ತುಂಬುತ್ತವೆ. ಒಂದು ಗ್ರಾಂ ಹುಡಿಯಲ್ಲಿ ಎರಡೂವರೆ ಲಕ್ಷ ಮೊಟ್ಟೆ. ಲೆಕ್ಕ ಹಾಕಿದರೆ ದಿನಕ್ಕೆ ಹನ್ನೆರಡು ಸಾವಿರ ಕೋಟಿ ಜೀವ ಈ ಎರಡು ಕೈಗಳ ಕೆಳಗೆ ಹಾದುಹೋಗುತ್ತದೆ. ನಾನು ಅವರಿಗೆ ಈ ಲೆಕ್ಕ ಹೇಳಿದರೆ, "ಹೌದೇನಮ್ಮಾ? ಅದಕ್ಕೇ ಇರ್ಬೇಕು ಬೆನ್ನು ನೋವು" ಎಂದು ಕೋಕೋ ಲೋಟ ಮುಂದೆ ತಳ್ಳುತ್ತಾರೆ.

ಮೊದಲ ಎಂಟು ವರ್ಷ ಅವರು ಒಂದು ಮೊಟ್ಟೆ ಒಡೆದದ್ದನ್ನೂ ಕಂಡಿರಲಿಲ್ಲ. ಒಮ್ಮೆ ಏಪ್ರನ್ ಒಗೆಯುವಾಗ ಜೇಬಿನ ಹೊಲಿಗೆಯಲ್ಲಿ ಚಿಟಿಕೆ ಹುಡಿ ಸಿಕ್ಕಿತು. ಚೆಲ್ಲಲು ಮನಸ್ಸಾಗದೆ ಉಪ್ಪಿನಕಾಯಿಯ ಹಳೆಯ ಜಾಡಿಗೆ ಹಾಕಿದರು. ಮೂರನೆಯ ಬೆಳಗ್ಗೆ ನೋಡಿದರೆ ನೀರೆಲ್ಲ ಕಿತ್ತಳೆ ಚುಕ್ಕೆಗಳು. ಅಂದು ಮೊದಲ ಬಾರಿಗೆ ಕೆಲಸಕ್ಕೆ ತಡವಾಗಿ ಹೋದರು.

ಅದಾಗಿ ಹದಿನಾಲ್ಕು ವರ್ಷ. ಒಂದು ಜೀವದ ಆಯಸ್ಸು ಎರಡು-ಮೂರು ತಿಂಗಳು, ಉದ್ದ ಕಿರುಬೆರಳಿನ ಉಗುರಿನಷ್ಟು. ಆದರೂ ಆ ಚಿಟಿಕೆಯ ಸಂತಾನ ಜಾಡಿಯಲ್ಲಿ ಒಮ್ಮೆಯೂ ಕಡಿದಿರಲಿಲ್ಲ. ಬೆನ್ನು ಕೆಳಗೆ, ಹನ್ನೊಂದು ಜೊತೆ ಕಾಲು ಮೇಲೆ, ಆ ಕಾಲುಗಳಲ್ಲೇ ಈಜು, ಆ ಕಾಲುಗಳಲ್ಲೇ ಉಸಿರು. ಒಮ್ಮೆ ನೋಡಲು ಕೂತರೆ ಏಳುವುದು ಕಷ್ಟ.

ಬೀದಿಯ ಮೂವತ್ತೇಳು ಮನೆಗಳಲ್ಲಿ ಈಗ ಇಂಥ ಜಾಡಿಗಳಿವೆ. ಎಲ್ಲವನ್ನೂ ಹೂಡಿಕೊಟ್ಟವರು ನೆಡ್ರಾ. ಅವರ ಪಾಠ ಚಿಕ್ಕದು. ಲೀಟರು ನೀರಿಗೆ ಎರಡು ದೊಡ್ಡ ಚಮಚ, ಅಯೋಡಿನ್ ಬೆರೆಸದ ಬರೀ ಉಪ್ಪು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಲೇಬೇಕು. ಕಿಟಕಿಯ ಬೆಳಕಿಗಿಟ್ಟು, ಗಾಜಿನ ಮೇಲೆ ತೆಳು ಹಸಿರು ಪಾಚಿ ಕಟ್ಟಿದ ಮೇಲಷ್ಟೇ ಮೊಟ್ಟೆ. ಗಾಳಿಗುಳ್ಳೆ ದಪ್ಪವಿರಬೇಕು, ಸಣ್ಣವು ಕಾಲುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಮೇವು ಹಲ್ಲುಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಯೀಸ್ಟ್. ನೀರು ಮತ್ತೆ ತಿಳಿಯಾಗುವವರೆಗೆ ಇನ್ನೊಂದು ಕಣವೂ ಇಲ್ಲ. "ಹಸಿವಿಂದ ಸತ್ತಿದ್ದು ನಾ ನೋಡಿಲ್ಲ. ಪ್ರೀತಿ ಜಾಸ್ತಿಯಾಗಿ ಸತ್ತಿದ್ದೇ ಎಲ್ಲ."

ಅವರೆಲ್ಲರಿಗೂ ಕೊಟ್ಟದ್ದು ಅಂಗಡಿಯ ಮೊಟ್ಟೆ. ತಮ್ಮ ಜಾಡಿಯದನ್ನು ಮಾತ್ರ ನೆಡ್ರಾ ಯಾರಿಗೂ ಕೊಡಲಿಲ್ಲ.

ಜನವರಿಯಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಹನ್ನೆರಡು ದಿನ ಮನೆ ಬಿಟ್ಟರು. ಜಾಡಿಯ ಹೊಣೆ ತಮ್ಮ ಡೆಲ್ಬರ್ಟ್‌ಗೆ. ಸರೋವರವನ್ನು ಎರಡಾಗಿ ಸೀಳುವ ರೈಲುದಾರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಜಾಡಿಯ ನೀರು ಆರಿ ಇಳಿದಷ್ಟು ದಿನಾ ಸಪ್ಪೆ ನೀರು ಸೇರಿಸು ಎಂದು ಅಕ್ಕ ಚೀಟಿ ಬರೆದಿಟ್ಟಿದ್ದರು.

"ಉಪ್ಪುನೀರಿನ ಪ್ರಾಣಿಗೆ ಸಪ್ಪೆ ನೀರು ಅಂದ್ರೆ ಯಾರ್ ನಂಬ್ತಾರೆ? ನೋವಲ್ಲಿ ತಪ್ಪು ಬರ್ದಿದಾಳೆ ಅಂದ್ಕೊಂಡೆ" ಎನ್ನುತ್ತಾನೆ ಡೆಲ್ಬರ್ಟ್. ತನಗೆ ಪ್ರೀತಿಯಾದ, ರೈಲುದಾರಿಯ ಆಚೆ ಬದಿಯ ಗುಲಾಬಿ ಬಣ್ಣದ ನೀರನ್ನು ಕ್ಯಾನಿನಲ್ಲಿ ತಂದು ದಿನಕ್ಕೊಂದು ಪುಟ್ಟ ಮಗ್ ಸುರಿದ. ಸಿಗಡಿಯೂ ತಾಳದಷ್ಟು ಉಪ್ಪಿನ ನೀರು ಅದು.

"ಆರಿ ಹೋಗೋದು ನೀರು ಕಣೋ, ಉಪ್ಪಲ್ಲ. ಇದ್ದ ಉಪ್ಪಿಗೆ ಇನ್ನಷ್ಟು ಉಪ್ಪು ಸುರ್ದೆ" ಎಂದರಂತೆ ನೆಡ್ರಾ, ಊರುಗೋಲಿನ ಮೇಲೆ ನಿಂತು. ಎಲ್ಲವೂ ತಳದಲ್ಲಿದ್ದವು. ಮರುದಿನ ಡೆಲ್ಬರ್ಟ್ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ. ನಮ್ಮಲ್ಲಿ ಸಾವಿನ ಮನೆಗೆ ಒಯ್ಯುವ ತಿನಿಸು ಅದು. ನೆಡ್ರಾ ತಟ್ಟೆ ಇಸಿದುಕೊಂಡರು.

ಕಾರ್ಖಾನೆಯಲ್ಲಿ ಪಕ್ಕದ ಸಾಲಿನ ಟ್ವೈಲಾ ಸಮಾಧಾನಕ್ಕೆಂದು ಹೇಳಿದಳು: "ಇಲ್ಲಿ ಟನ್‌ಗಟ್ಲೆ ಬಿದ್ದಿದೆ. ಒಂದ್ ಚಿಟಿಕೆ ತಗೊಂಡ್ ಹೋಗೇ."

"ನಿನ್ ನಾಯಿ ಸತ್ತಾಗ ಊರ್ ತುಂಬ ನಾಯಿ ಇದೆ ಅಂದಿದ್ನಾ ನಾನು?"

ಜಾಡಿ ತೊಳೆಯಲು ಎತ್ತಿದ ದಿನವೇ ಅವರ ಕಣ್ಣಿಗೆ ಬಿದ್ದದ್ದು, ನೀರಿನ ಅಂಚಿನಲ್ಲಿ ಗಾಜಿಗೆ ಅಂಟಿದ್ದ ಕೂದಲೆಳೆಯಷ್ಟು ಕಂದು ಗೆರೆ. ಸುಖವಾಗಿದ್ದಾಗ ಈ ತಾಯಿ ಸಿಗಡಿಗಳು ನೇರ ಮರಿ ಹಾಕುತ್ತವೆ. ಉಪ್ಪೇರಿ ಸಾವು ಹತ್ತಿರ ಬಂತೆಂದು ಗೊತ್ತಾದರೆ ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತವೆ. ವರ್ಷಗಟ್ಟಲೆ ಒಣಗಿ ಬಿದ್ದರೂ ಕಾಯಬಲ್ಲ ಮೊಟ್ಟೆ. ಡೆಲ್ಬರ್ಟ್ ಒಮ್ಮೆಗೇ ಸುರಿಯದೆ ದಿನಕ್ಕೊಂದು ಮಗ್ ಸುರಿದದ್ದರಿಂದ ಅವಕ್ಕೆ ಅಷ್ಟು ಸಮಯ ಸಿಕ್ಕಿತ್ತು.

ನೆಡ್ರಾ ಆ ಗೆರೆಯನ್ನು ಹಾಳೆಯ ಅಂಚಿನಿಂದ ಕೆರೆದು, ಕಾಫಿ ಸೋಸುವ ಕಾಗದದ ಮೇಲೆ ಒಣಗಿಸಿದರು. ಕಾಫಿ ಮಾತ್ರ, ಅವರ ಧರ್ಮದಲ್ಲಿ ನಿಷಿದ್ಧವಾದ್ದರಿಂದ, ಈ ಮನೆಯೊಳಗೆ ಎಂದೂ ಬಂದದ್ದಿಲ್ಲ. ಆರು ವಾರ ಫ್ರಿಜ್‌ನಲ್ಲಿ ಬೆಣ್ಣೆಯ ಪಕ್ಕ ಇಟ್ಟರು. ಮೊನ್ನೆ ಅಷ್ಟನ್ನೂ ನೀರಿಗೆ ಬಿಟ್ಟರು. ಬೇರೆ ಉಳಿದಿಲ್ಲ.

ಐದು ಗಂಟೆ. ಐದೂ ಕಾಲು. ಕೆಲಸದ ಬೂಟು ಹಾಕಿಕೊಳ್ಳಲು ಬಗ್ಗಿದವರು ಹಾಗೇ ನಿಲ್ಲುತ್ತಾರೆ. ಟಾರ್ಚಿನ ಬೆಳಕಿನಂಚಿಗೆ ಒಂದು ಕಿತ್ತಳೆ ಚುಕ್ಕೆ ಕುಪ್ಪಳಿಸುತ್ತಾ ಬರುತ್ತದೆ. ಅದರ ಹಿಂದೆ ಇನ್ನೊಂದು. ಒಂದೇ ಕಣ್ಣಿನ, ಅಲ್ಪವಿರಾಮಕ್ಕಿಂತ ಚಿಕ್ಕದಾದ ಜೀವ ಬೆಳಕನ್ನು ಹುಡುಕಿಕೊಂಡು ಬರುವುದನ್ನು ನೋಡಲು ನಾವಿಬ್ಬರೂ ಜಾಡಿಯತ್ತ ಬಾಗುತ್ತೇವೆ. ಹತ್ತೊಂಬತ್ತರವರೆಗೆ ಎಣಿಸುತ್ತೇನೆ. ಮುಂದೆ ಲೆಕ್ಕ ತಪ್ಪುತ್ತದೆ.

ನೆಡ್ರಾ ಮೊದಲು ಮಾಡುವ ಕೆಲಸ, ಕಪಾಟಿನಿಂದ ಇನ್ನೊಂದು ಖಾಲಿ ಜಾಡಿ ತೆಗೆದು ಮೇಜಿನ ಮೇಲಿಡುವುದು.

"ಎಲ್ಲಾನೂ ಒಂದೇ ಕಡೆ ಬಚ್ಚಿಟ್ಟಿದ್ದು ನನ್ನ ತಪ್ಪು. ಇವು ದೊಡ್ಡದಾಗ್ಲಿ, ಅರ್ಧ ಡೆಲ್ಬರ್ಟ್ ಮನೇಲಿರ್ತವೆ."

ಅವನ ಕೈಗೇ ಮತ್ತೆ ಕೊಡುವುದೇ ಎಂದು ಕೇಳುತ್ತೇನೆ. ಅವರು ಬೂಟಿನ ದಾರ ಬಿಗಿಯುತ್ತಾ ಹೇಳುತ್ತಾರೆ:

"ಇನ್ಮೇಲೆ ಅವನಷ್ಟು ಹುಷಾರಾಗಿ ನೋಡ್ಕೊಳ್ಳೋರು ಈ ಊರಲ್ಲಿ ಯಾರಿದಾರಮ್ಮ?"