ಹುಬ್ಬಳ್ಳಿವರೆಗಿನ ಎಪ್ಪತ್ತು ಕಿಲೋಮೀಟರ್

ವಿಮಾನ ತಪ್ಪಿಸಿಕೊಳ್ಳುವ ಕಲೆ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಹೊರಡುವಾಗ ಎಲೆ ಅಡಿಕೆಯ ಇನ್ನೊಂದು ಕವಳ ಹಾಕಬೇಕು, ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಮುಗಿಸಬೇಕು. ಯಲ್ಲಾಪುರದ ಟ್ಯಾಕ್ಸಿ ಅಲ್ಲಾವುದ್ದೀನ್ ಈ ಕಲೆಯ ಶತ್ರು. ಹನ್ನೊಂದು ವರ್ಷಗಳಿಂದ ಶಿರಸಿ, ಸಿದ್ದಾಪುರ, ಮಂಚಿಕೇರಿಯವರನ್ನು ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಮುಟ್ಟಿಸುತ್ತಿದ್ದಾನೆ. ಒಬ್ಬರಿಗೂ ವಿಮಾನ ತಪ್ಪಿಲ್ಲ. ಹತ್ತು ಗಂಟೆಯ ವಿಮಾನವೆಂದರೆ ಸಿದ್ದಾಪುರದವರನ್ನು ಐದಕ್ಕೇ ಅಂಗಳದಲ್ಲಿ ನಿಲ್ಲಿಸುತ್ತಾನೆ.

“ಹುಬ್ಬಳ್ಳಿಯಿಂದ ಬೆಂಗಳೂರು ನಾಲ್ಕು ನೂರು ಕಿಲೋಮೀಟರ್, ವಿಮಾನಕ್ಕೆ ಒಂದು ಗಂಟೆ ಹತ್ತು ನಿಮಿಷ. ಯಲ್ಲಾಪುರದಿಂದ ಹುಬ್ಬಳ್ಳಿ ಬರೀ ಎಪ್ಪತ್ತು, ನನಗೆ ಒಂದೂವರೆ ಗಂಟೆ. ಕಷ್ಟದ ಕೆಲಸ ಯಾರದ್ದು, ನೀವೇ ಹೇಳಿ,” ಎನ್ನುತ್ತಾನೆ. ತಾನು ಒಮ್ಮೆಯೂ ವಿಮಾನ ಹತ್ತಿದವನಲ್ಲ.

ಕಳೆದ ಚಳಿಗಾಲದಲ್ಲಿ ಅವನ ತಾಯಿ ಅಮೀರುನ್ನಿಸಾ ಉಮ್ರಾ ಯಾತ್ರೆಗೆ ಹೊರಟರು. ಹುಬ್ಬಳ್ಳಿಯಿಂದ ಮಧ್ಯಾಹ್ನ ಒಂದು ಗಂಟೆಗೆ ವಿಮಾನ. ಅದು ತಪ್ಪಿದರೆ ಬೆಂಗಳೂರಿನಲ್ಲಿ ಕಾದಿದ್ದ ಗುಂಪು ಅವರನ್ನು ಬಿಟ್ಟೇ ಹೋಗುತ್ತಿತ್ತು. ಹುಬ್ಬಳ್ಳಿಯಲ್ಲಿ ಕೆಲಸವಿದ್ದ ನಾನೂ ಮುಂದಿನ ಸೀಟಿನಲ್ಲಿದ್ದೆ.

ಅವನ ಲೆಕ್ಕದಲ್ಲಿ ಪಂಕ್ಚರಿಗೆ ಅರ್ಧ ಗಂಟೆ ಇತ್ತು, ಲಾರಿ ಸಾಲಿಗೆ ಕಾಲು ಗಂಟೆ ಇತ್ತು. ಸಂಬಂಧಿಕರು ಮಾತ್ರ ಇರಲಿಲ್ಲ. ಓಣಿಯವರು ಹಾರ ಹಾಕಿ, ತಬ್ಬಿ, ತಮಗೂ ದುವಾ ಮಾಡಿರೆಂದು ಬೀಳ್ಕೊಡುವಷ್ಟರಲ್ಲಿ ನಲವತ್ತು ನಿಮಿಷ ಹೋಯಿತು. ಕಿರವತ್ತಿಯಲ್ಲಿ ತಾಯಿಯ ಅಕ್ಕ ರಸ್ತೆಯಲ್ಲೇ ನಿಂತಿದ್ದರು. ಊರವರನ್ನೆಲ್ಲ ಹಾರ್ನ್ ಹೊಡೆದು ಎಬ್ಬಿಸುವವನಿಗೆ ಅಲ್ಲಿ ಹಾರ್ನ್ ಒತ್ತಲು ಕೈ ಬರಲಿಲ್ಲ. ನನಗೆ ಒಳಗೊಳಗೇ ನಗು.

ಕಲಘಟಗಿಗೆ ಬಂದಾಗ ನಗು ಹೋಯಿತು. ವಿಮಾನ ನಿಲ್ದಾಣದ ಕೌಂಟರ್ ಮುಚ್ಚಲು ನಲವತ್ತು ನಿಮಿಷ, ಉಳಿದ ದಾರಿಯೂ ಅಷ್ಟೇ. ಎದುರಿಗೆ ಬೀಗರು ಹಾರ, ಶರಬತ್ತು ಹಿಡಿದು ಕಾಯುತ್ತಿದ್ದರು. ಅಲ್ಲಾವುದ್ದೀನ್ ಬ್ರೇಕಿನ ಮೇಲೆ ಕಾಲಿಟ್ಟ.

“ನಿಲ್ಲಿಸ್ಬೇಡ,” ಎಂದರು ಅಮೀರುನ್ನಿಸಾ.

“ಬೀಗರು ಅಮ್ಮಿ, ಬೇಜಾರ್ ಮಾಡ್ಕೋತಾರೆ.”

“ಮಾಡ್ಕೊಳ್ಳಿ. ಹನ್ನೊಂದು ವರ್ಷ ಒಬ್ರಿಗೂ ತಪ್ಪಿಸ್ಲಿಲ್ಲ ನೀನು. ಕಡೆಗೆ ತಾಯಿಗೇ ತಪ್ಪಿಸ್ದ ಅಂತ ಜನ ಹೇಳ್ಬೇಕಾ? ನಿಧಾನ ಹೊಡಿ, ಸಾಕು.”

ಕಿಟಕಿಯಿಂದ ಕೈ ಚಾಚಿ, ಚಲಿಸುವ ಕಾರಿನಿಂದಲೇ ಒಂದೊಂದು ಹಾರ ತೆಗೆದುಕೊಂಡರು. “ಎಲ್ಲರ ಹೆಸರೂ ನೆನಪಿದೆ, ದುವಾ ಮಾಡ್ತೀನಿ,” ಎಂದು ಕೂಗಿದರು. ಬೀಗರೊಬ್ಬರು ಪಕ್ಕದಲ್ಲೇ ಓಡಿ ಶರಬತ್ತು ಕೊಟ್ಟರು. ಆ ಸ್ಟೀಲ್ ಲೋಟ ನಮ್ಮೊಂದಿಗೇ ಹುಬ್ಬಳ್ಳಿಗೆ ಬಂತು.

ನಿಲ್ದಾಣ ಮುಟ್ಟಿದಾಗ ಕೌಂಟರ್ ಮುಚ್ಚಲು ಮೂರು ನಿಮಿಷ ಉಳಿದಿತ್ತು. ಆ ತಾಯಿ ಹಾರಗಳನ್ನೆಲ್ಲ ತೆಗೆದು ಮಗನ ಕೊರಳಿಗೆ ಹಾಕಿ, ತಿರುಗಿ ನೋಡದೆ ಒಳಗೆ ನಡೆದರು.

ನನ್ನ ಕೆಲಸ ಮುಗಿಸಿ ಇಬ್ಬರೂ ಊರಿಗೆ ಹೊರಡುವಷ್ಟರಲ್ಲಿ, ಮಧ್ಯಾಹ್ನ, ಬೆಂಗಳೂರಿನಿಂದ ಫೋನ್ ಬಂತು. ನನಗೂ ಕೇಳಲೆಂದು ಅಲ್ಲಾವುದ್ದೀನ್ ಸ್ಪೀಕರ್ ಹಾಕಿದ.

“ಇಳಿದೆ ಮಗಾ. ವಿಮಾನದವನು ಇಪ್ಪತ್ತು ನಿಮಿಷ ತಡ ಮಾಡಿದ. ನೀನಾಗಿದ್ರೆ ಮಾಡ್ತಿರ್ಲಿಲ್ಲ.”