ನೆಗೆಣ್ಣಿಯರ ಇಂಗ್ಲಿಷ್ ಅಭ್ಯಾಸ

ಕಾನೂನು ಓದಬೇಕೆಂದು ಮೊದಲು ಅಂದವಳು ನಾನಲ್ಲ, ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಮದುವೆಯಾಗಿ ಅಕ್ಕೋಳದ ನಮ್ಮ ಮನೆಗೆ ಬಂದ ಮರುವರ್ಷವೇ ಅಂದಳು. ಹೊಲದ ಪಾಲಿನ ದಾವೆಗಾಗಿ ಚಿಕ್ಕೋಡಿ ಕೋರ್ಟಿಗೆ ಅಲೆದು ಸೋತಿದ್ದ ಮಾವನವರು ಬೇಡ ಅನ್ನಲಿಲ್ಲ.

"ಇಬ್ಬರೂ ಬಿ.ಎ. ಮುಗಿಸೀರಿ. ಇಬ್ಬರೂ ಪರೀಕ್ಷಾ ಕೊಡ್ರಿ. ಮನ್ಯಾಗ ಒಬ್ಬರರೆ ವಕೀಲರು ಇರ್ಲಿ," ಅಂದರು.

ನಮಗೆ ಹತ್ತಿರವೆಂದರೆ ಕೊಲ್ಹಾಪುರದ ಕಾಲೇಜು. ಅಲ್ಲಿ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಇಂಗ್ಲಿಷಿನದೇ ಒಂದು ಭಾಗ: ಸಮಾನಾರ್ಥಕ ಪದ, ವಿರುದ್ಧ ಪದ, ಇಂಥವೇ.

ನೆಗೆಣ್ಣಿ ಗಡಿಯ ಆಚೆಯವಳು, ಮರಾಠಿ ಶಾಲೆಯಲ್ಲಿ ಓದಿದವಳು. ನಾನು ಅಥಣಿ ಕಡೆಯವಳು, ಕನ್ನಡ ಶಾಲೆಯವಳು. ಇಂಗ್ಲಿಷನ್ನು ಇಬ್ಬರೂ ಪಾಸಾಗುವಷ್ಟು ಕಲಿತಿದ್ದೆವು, ಮಾತಾಡಿರಲಿಲ್ಲ. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಆಮೇಲೆ ಭಾಂಡೆ ತಿಕ್ಕಿ, ಅಡುಗೆಮನೆ ಒರೆಸಿ ಓದಲು ಕೂಡುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಅವಳ ಹತ್ತಿರ ಇಂಗ್ಲಿಷ್-ಮರಾಠಿ ಡಿಕ್ಷನರಿ, ನನ್ನ ಹತ್ತಿರ ಇಂಗ್ಲಿಷ್-ಕನ್ನಡದ್ದು. ಒಂದೇ ಪದವನ್ನು ಎರಡರಲ್ಲೂ ನೋಡಿ ಅರ್ಥ ಹೊಂದಿಸುತ್ತಿದ್ದೆವು. ಕೆಲವು ಹೊಂದುತ್ತಿರಲಿಲ್ಲ.

"ಫ್ರುಗಲ್ ಅಂದ್ರ ಜಿಪುಣ," ಎಂದೆ ಒಮ್ಮೆ.

"ಅಲ್ರಿ ಅಕ್ಕಾ, ಇದರಾಗ ಕಾಟಕಸರಿ ಅಂತ ಐತಿ. ಜಿಪುಣ ಬ್ಯಾರೆ. ಈಗ ಅತ್ತಿನ್ನ ನೋಡ್ರಿ, ಒಂದ ಹನಿ ಎಣ್ಣಿ ಚೆಲ್ಲಗೊಡಂಗಿಲ್ಲ. ಆದ್ರ ಬಂದವರಿಗೆ ಹೊಟ್ಟಿ ತುಂಬ ನೀಡತಾರ. ಅದು ಫ್ರುಗಲ್."

ಪಡಸಾಲೆಯಿಂದ ಅತ್ತೆ ಕೇಳಿದರು, "ಅಲ್ಲಿ ನನ್ನ ಹೆಸರ ಯಾಕ ಬಂತು?"

"ಅಭ್ಯಾಸ ಮಾಡಾಕತ್ತೇವ್ರಿ ಅತ್ತಿ."

ಅವರು ನಂಬಲಿಲ್ಲ. ಮರುದಿನವೆಲ್ಲ ನಮ್ಮೊಂದಿಗೆ ಬಿಗಿಯಾಗಿಯೇ ಇದ್ದರು.

ರೊಟ್ಟಿ ಬಡಿಯುವಾಗ ಬಾಯಲ್ಲಿದ್ದ ಪದ ಭಾಂಡೆ ತಿಕ್ಕುವಾಗ ಇರುತ್ತಿರಲಿಲ್ಲ. ಮರಾಠಿ ನನಗೆ ಸಂತೆಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಗಳಲ್ಲಿ ತಾನಾಗಿಯೇ ಬಂದಿತ್ತು. ಇಂಗ್ಲಿಷ್ ಹಾಗೆ ಬರುವ ಜಾಗವೇ ನಮ್ಮ ಸುತ್ತ ಇರಲಿಲ್ಲ.

ಕೊಲ್ಹಾಪುರದಲ್ಲಿ ಪರೀಕ್ಷೆಗೆ ಕಂಪ್ಯೂಟರ್ ಮುಂದೆ ಕೂತಾಗ ಗೊತ್ತಿಲ್ಲದ ಪದಗಳೇ ಸಾಲಾಗಿ ಬಂದವು. ಸ್ಯಾಂಕ್ಷನ್ ಕಂಡಾಗ ಜೀವ ಬಂತು. ಸಾಲ ಸ್ಯಾಂಕ್ಷನ್ ಆಯ್ತು, ರಜೆ ಸ್ಯಾಂಕ್ಷನ್ ಆಯ್ತು ಎನ್ನುವುದನ್ನು ಕೇಳುತ್ತಲೇ ಬೆಳೆದವಳು ನಾನು. ಒಪ್ಪಿಗೆ ಎಂಬರ್ಥದ ಉತ್ತರ ಒತ್ತಿದೆ. ಹೊರಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ, ಆ ಪದಕ್ಕೆ ಏನು ಒತ್ತಿದೆ ಎಂದು ಅವಳನ್ನು ಕೇಳಿದೆ.

"ನಾ ಶಿಕ್ಷಾ ಅಂತ ಹಚ್ಚೀನ್ರಿ," ಅಂದಳು. "ಆ ದೇಶ ತಪ್ಪ ಮಾಡೇತಿ, ಅದರ ಮ್ಯಾಲ ಸ್ಯಾಂಕ್ಷನ್ ಹಾಕ್ಯಾರ ಅಂತ ಇತ್ತಲ್ರಿ. ತಪ್ಪ ಮಾಡಿದವರ ಮ್ಯಾಲ ಒಪ್ಪಿಗಿ ಹ್ಯಾಂಗ ಹಾಕ್ತಾರ?"

ಹೌದಲ್ಲ ಅನಿಸಿತು. ನಾನು ವಾಕ್ಯವನ್ನು ಪೂರಾ ಓದಿಯೇ ಇರಲಿಲ್ಲ. ಪರಿಚಯದ ಪದ ಕಂಡ ಕೂಡಲೇ ಕೈ ಓಡಿತ್ತು.

ಅವಳಿಗೆ ಸೀಟು ಸಿಕ್ಕಿತು, ನನಗಿಲ್ಲ. ಉಳಿದ ಭಾಗಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ, ಇಂಗ್ಲಿಷಿನಲ್ಲಿ ನಾನು ಹಿಂದೆ ಬಿದ್ದಿದ್ದೆ. ಅವಳು ಕೆಲವು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಕಡೆಗೆ ನಾನೇ, "ಹೋಗ. ಮನ್ಯಾಗ ನಾ ಅದೀನಿ," ಅಂದೆ. ಹೊಟ್ಟೆಕಿಚ್ಚು ಇತ್ತು. ಅದನ್ನು ಹೊತ್ತು ತಿರುಗುವಷ್ಟು ತ್ರಾಣ ಇರಲಿಲ್ಲ.

ಈಗ ಅವಳು ದಿನಾ ನಿಪ್ಪಾಣಿಗೆ ಹೋಗಿ ಕೊಲ್ಹಾಪುರದ ಬಸ್ಸು ಹಿಡಿಯುತ್ತಾಳೆ. ಚಳಿಗಾಲದಲ್ಲಿ ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ, ಅದಕ್ಕೇ ಎರಡು ಡಬ್ಬಿ ಕಟ್ಟಿಕೊಡುತ್ತೇನೆ. ಎರಡನೆಯದನ್ನು ಬೆಳಕಿರುವಾಗಲೇ ಬಸ್ಸಿನಲ್ಲಿ ಉಣ್ಣುತ್ತಾಳೆ. ಮನೆಯಲ್ಲಿ ಅವಳ ಪಾಲಿನ ಕೆಲಸವೂ ನನಗೇ ಬಂದಿದೆ.

ಮೊನ್ನೆ ಭಾನುವಾರ ಪುಸ್ತಕ ಮಡಚಿಟ್ಟು ನನ್ನ ಪಕ್ಕ ಬಂದು ಕೂತಳು.

"ಸರ್ ಹೇಳೂದು ಅರ್ಧಾ ತಿಳಿಯಂಗಿಲ್ರಿ ಅಕ್ಕಾ, ಬರೇ ಇಂಗ್ಲಿಷ್. ನೀವು ಇದ್ದಿದ್ರ ಇಬ್ಬರೂ ಕೂಡಿ ತಿಳ್ಕೋತಿದ್ವಿ. ಈ ವರ್ಷ ಮತ್ತ ಅರ್ಜಿ ಹಾಕ್ರಿ."

"ನೋಡೂಣು," ಅಂದೆ.

ಬೇಡ ಅನ್ನಲು ಮನಸ್ಸು ಬರಲಿಲ್ಲ. ಮತ್ತೆ ಮೊದಲಿನಿಂದ ಆ ಪದಗಳ ಬೆನ್ನು ಹತ್ತಲು ಮೈಯಲ್ಲಿ ಕಸುವೂ ಇರಲಿಲ್ಲ. ಅವಳು ಎದ್ದಳು.

"ಇವತ್ತ ಅಡಗಿ ನಂದ್ರಿ. ನೀವು ಮಲಕೋರಿ."

ಒಳಗೆ ಹೋಗಿ ಚಾಪೆ ಹಾಸಿಕೊಂಡೆ. ಹಗಲಲ್ಲಿ ಮಲಗಿ ಎಷ್ಟು ದಿನವಾಗಿತ್ತೋ, ಅಡ್ಡಾದ ಕೂಡಲೇ ನಿದ್ದೆ ಹತ್ತಿತು.