ಮಾವನ ಮೈಲಿ ಲೆಕ್ಕ

ನಮ್ಮ ಮಾವ ತಾಲ್ಲೂಕು ಕಚೇರಿಯ ಟಪಾಲು ಹೊತ್ತು ಊರೂರು ನಡೆದು ರಿಟೈರ್ ಆದವರು. ಎಂಬತ್ತರ ದಶಕ ಬಂದಿದ್ದರೂ ಅವರಿಗೆ ದೂರ ಅಂದರೆ ಮೈಲಿಯೇ. ನಾನು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಸೇರುವ ದಿನ, ಕುರುಬರಹಳ್ಳಿಯ ನಮ್ಮ ಮನೆಯಿಂದ ಎಷ್ಟು ದೂರ ಎಂದು ಮಗನನ್ನು ಕೇಳಿದರು.

"ಮೂರು ಕಿಲೋಮೀಟರ್ ಅಪ್ಪ."

"ಕಿಲೋಮೀಟರೋ ಮೈಲಿಯೋ, ಹೆಸರು ಬದಲಾಯಿಸಿದಾರೆ ಅಷ್ಟೇ. ಮನುಷ್ಯ ಗಂಟೆಗೆ ಮೂರು ಮೈಲಿ ನಡೀತಾನೆ. ಐದೂವರೆಗೆ ಬಿಟ್ರೆ ಆರೂವರೆಗೆ ಮನೇಲಿರಬೇಕು. ಒಂದಿನ ತಡ ಆದ್ರೂ ಕೆಲಸ ಬಂದ್."

ನನ್ನ ಗಂಡ ಅಪ್ಪನಿಗೆ ಎದುರಾಡುವ ಜಾತಿಯಲ್ಲ.

ಮೊದಲ ದಿನ ಭಯಕ್ಕೆ ಬಿರುಸಾಗಿ ನಡೆದೆ. ನಮ್ಮ ರಸ್ತೆಯ ತಿರುವಿನ ಹೋಟೆಲ್ ಗಡಿಯಾರ ನೋಡಿದರೆ ಆರೂ ಕಾಲು ಕೂಡ ಆಗಿಲ್ಲ. ಬೇಗ ಹೋದರೆ ಲೆಕ್ಕ ತಿದ್ದುತ್ತಾರೆ ಎಂದು ಅಲ್ಲೇ ಅರಳಿಕಟ್ಟೆಯ ಮೇಲೆ ಕೂತೆ. ಆಮೇಲೆ ದಿನಾ ಕೂತೆ. ಚಪ್ಪಲಿ ಬಿಟ್ಟು, ಕಾಲು ಇಳಿಬಿಟ್ಟು, ಸುಮ್ಮನೆ. ದೇವರಿಗೂ ಕೈ ಮುಗಿಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೂಗು, ಮನೆಯಲ್ಲಿ ಮಾವನ ಕೂಗು. ನಡುವೆ ಇಪ್ಪತ್ತು ನಿಮಿಷ ನನ್ನನ್ನು ಯಾರೂ ಕೂಗುತ್ತಿರಲಿಲ್ಲ. ಸರಿಯಾಗಿ ಆರೂವರೆಗೆ ಮನೆ ಬಾಗಿಲಲ್ಲಿ ನಿಂತರೆ, ಮಾವ ಟೈಂಪೀಸ್ ನೋಡಿ ಹೂಂ ಅನ್ನುತ್ತಿದ್ದರು.

ಒಂದು ವರ್ಷ ಹೀಗೇ ನಡೆಯಿತು. ಮಗಳು ಏಳನೇ ಕ್ಲಾಸಿಗೆ ಬಂದಳು. ಒಂದು ಸಂಜೆ ನಾನು ಮುದ್ದೆ ತಿರುವುತ್ತಿದ್ದಾಗ ಮಾವ ಅವಳ ಮುಂದೆ ತಮ್ಮ ಮೂರು ಮೈಲಿಯ ಜಂಭ ಕೊಚ್ಚಿದರು. ಅವಳು ಸ್ಲೇಟು ತಂದಳು.

"ತಾತ, ಐದು ಮೈಲಿ ಅಂದ್ರೆ ಎಂಟು ಕಿಲೋಮೀಟರ್. ನಿಮ್ಮ ಮೂರು ಮೈಲಿ ಹೆಚ್ಚುಕಮ್ಮಿ ಐದು ಕಿಲೋಮೀಟರ್ ಆಗತ್ತೆ. ಅಮ್ಮನ ಫ್ಯಾಕ್ಟರಿ ಇರೋದು ಮೂರೇ. ನಲವತ್ತು ನಿಮಿಷ ಕೂಡ ಬೇಡ!"

ಮಾವ ಸ್ಲೇಟನ್ನು ಕಣ್ಣ ಹತ್ತಿರ ಹಿಡಿದರು. ಆಮೇಲೆ ಒಲೆಯ ಕಡೆ ತಿರುಗಿದರು.

"ಹಂಗಾದ್ರೆ ಮಿಕ್ಕಿದ ಹೊತ್ತು ಎಲ್ಲಿಗೋಗ್ತೀಯಮ್ಮ?"

"ನಿಧಾನ ನಡೀತೀನಿ ಮಾವ. ಕಾಲು ನೋವು."

"ಟಪಾಲು ಚೀಲ ಹೊತ್ಕೊಂಡು ನಾನು ನಡೀತಿದ್ದೆ. ನೀನು ಹೊರೋದು ಖಾಲಿ ಟಿಫನ್ ಡಬ್ಬಿ. ನಾಳೆಯಿಂದ ಆರೂ ಹತ್ತು."

ಅವರು ಎದ್ದು ಹೋದ ಮೇಲೆ ಮಗಳು ಪಕ್ಕಕ್ಕೆ ಬಂದು ಕೂತಳು. "ಅಮ್ಮ, ಲೆಕ್ಕ ಸರಿಯಾಗಿದೆ ತಾನೇ?"

"ಸರಿಯಾಗಿದೆ ಕಣೇ. ತಟ್ಟೆ ಹಾಕು."

ಇನ್ನೇನು ಹೇಳಲಿ? ಸ್ಕೂಲಿಗೆ ಕಳಿಸಿದವಳು ನಾನೇ. ಮಾರನೆಯ ಸಂಜೆ ಕಟ್ಟೆಯ ಮೇಲೆ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಅದಕ್ಕೆ ಯಾವ ಮಾವನೂ ಇರಲಿಲ್ಲ. ಹೋಟೆಲ್ ಗಡಿಯಾರದಲ್ಲಿ ಆರೂ ಎಂಟು. ಸೆರಗು ಸಿಕ್ಕಿಸಿಕೊಂಡು ದಾಪುಗಾಲು ಹಾಕಿದೆ.